ಹಳೇ ಗಿರಾಕಿಗೆ ಹಳೇ ರೇಟು

ಜಯನಗರ 4ನೇ ಬ್ಲಾಕಿನಲ್ಲಿ ಒಂದು ದರ್ಶಿನಿ. ಗೋಡೆಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಮೊಬೈಲಿನಲ್ಲಿ ಮೆನು ತೆರೆಯುತ್ತದೆ. ಆ ವೆಬ್‌ಸೈಟ್ ನೋಡಿಕೊಳ್ಳುವವನು ನಾನು. ದೋಸೆಯ ರೇಟು ಏರಿದ ದಿನ, ‘ಮೆನು.ಜೆಪಿಜಿ’ ಎಂಬ ಅದೇ ಹೆಸರಿನಲ್ಲಿ ಹೊಸ ಚಿತ್ರ ಹಾಕಿದೆ. ಸಂಜೆ ಮಾಲೀಕರ ಫೋನು: “ಏನ್ ಸಾರ್ ಇದು, ಹೊಸಬರಿಗೆ ಹೊಸ ರೇಟು, ದಿನಾ ಬರೋರಿಗೆ ಹಳೇ ರೇಟು ತೋರಿಸ್ತಿದೆ?”

“ಕ್ಯಾಶ್ ಕ್ಲಿಯರ್ ಆಗಿಲ್ಲ ಸಾರ್.”

“ನಿಮ್ಮ ದುಡ್ಡು ಹೋದ ವಾರಾನೇ ಕೊಟ್ನಲ್ಲ!”

ಇದು ಗಲ್ಲಾದ ಕ್ಯಾಶ್ ಅಲ್ಲ. ಒಮ್ಮೆ ಇಳಿಸಿಕೊಂಡ ಚಿತ್ರವನ್ನು ಬ್ರೌಸರ್ ಫೋನಿನಲ್ಲೇ ಎತ್ತಿಟ್ಟುಕೊಳ್ಳುವ ಪ್ರತಿ.

ತಪ್ಪು ಕಲ್ಪನೆ: ಸರ್ವರಿನಲ್ಲಿ ಚಿತ್ರ ಬದಲಿಸಿದರೆ ಎಲ್ಲರಿಗೂ ಹೊಸದೇ ಕಾಣುತ್ತದೆ.
ಸತ್ಯ: ಬ್ರೌಸರ್ ಚಿತ್ರವನ್ನು ಗುರುತಿಸುವುದು ಅದರ ವಿಳಾಸದಿಂದ. ವಿಳಾಸ ಅದೇ ಇದ್ದು, ಪ್ರತಿಯನ್ನು ಇಟ್ಟುಕೊಳ್ಳಲು ಕೊಟ್ಟ ಅವಧಿಯೂ ಮುಗಿದಿರದಿದ್ದರೆ ಸರ್ವರಿನ ಕಡೆ ತಲೆಯೂ ಹಾಕುವುದಿಲ್ಲ. ಹಂಚಿ ಮುಗಿದ ಲಗ್ನಪತ್ರಿಕೆಯನ್ನು ಪ್ರೆಸ್ಸಿನಲ್ಲಿ ತಿದ್ದಿದರೆ ಏನು ಬಂತು?

ತಪ್ಪು ಕಲ್ಪನೆ: ನಾವು ಅವಧಿ ಹೇಳದಿದ್ದರೆ ಕ್ಯಾಶ್ ಆಗುವುದಿಲ್ಲ.
ಸತ್ಯ: ಹೇಳದಿದ್ದರೆ ಬ್ರೌಸರ್ ತಾನೇ ಅಂದಾಜು ಮಾಡುತ್ತದೆ. ಚಿತ್ರ ಕಡೆಯದಾಗಿ ಬದಲಾಗಿ ಎಷ್ಟು ದಿನವಾಯಿತೋ ಅದರ ಶೇ. 10 ಎಂಬುದು ರೂಢಿಯ ಲೆಕ್ಕ. 300 ದಿನ ಹಳೆಯ ಮೆನು 30 ದಿನ ಫೋನಿನಲ್ಲಿ ಕೂತೀತು.

ತಪ್ಪು ಕಲ್ಪನೆ: ರಿಫ್ರೆಶ್ ಒತ್ತಿದರೆ ಎಲ್ಲವೂ ಹೊಸದಾಗಿ ಬರುತ್ತದೆ.
ಸತ್ಯ: ಕ್ರೋಮ್ ಸಾಮಾನ್ಯ ರಿಫ್ರೆಶ್‌ನಲ್ಲಿ ಪುಟವನ್ನಷ್ಟೇ ಸರ್ವರಿನಲ್ಲಿ ವಿಚಾರಿಸುತ್ತದೆ, ಅವಧಿ ಉಳಿದಿರುವ ಚಿತ್ರಗಳನ್ನು ಕ್ಯಾಶಿನಿಂದಲೇ ತೆಗೆಯುತ್ತದೆ. ಕಂಪ್ಯೂಟರಿನಲ್ಲಿ ಕಂಟ್ರೋಲ್-ಶಿಫ್ಟ್-ಆರ್ ಒತ್ತಿದರೆ ಎಲ್ಲವೂ ಹೊಸದು, ಆದರೆ ನಮ್ಮ ಯಂತ್ರದಲ್ಲಿ ಮಾತ್ರ. ಗಿರಾಕಿಯ ಫೋನಿಗೆ ನಮ್ಮ ಕೈ ಎಟುಕದು.

ತಪ್ಪು ಕಲ್ಪನೆ: ‘ನೋ-ಕ್ಯಾಶ್’ ಎಂದರೆ ಉಳಿಸಬೇಡ ಎಂದರ್ಥ.
ಸತ್ಯ: ಉಳಿಸಿಕೋ, ಬಳಸುವ ಮುನ್ನ ಪ್ರತಿ ಸಲ ನನ್ನನ್ನು ಕೇಳು ಎಂದರ್ಥ. ಬದಲಾಗಿಲ್ಲವಾದರೆ ಸರ್ವರ್ 304 ಎಂಬ ಚುಟುಕು ಉತ್ತರ ಕೊಡುತ್ತದೆ. ಚಿತ್ರ ಮತ್ತೆ ಇಳಿಯುವುದಿಲ್ಲ. ಉಳಿಸಲೇಬೇಡ ಎನ್ನಲು ‘ನೋ-ಸ್ಟೋರ್’ ಇದೆ.

ತಪ್ಪು ಕಲ್ಪನೆ: ಇಷ್ಟೆಲ್ಲ ತಾಪತ್ರಯವೇಕೆ, ಕ್ಯಾಶನ್ನೇ ನಿಲ್ಲಿಸಿದರಾಯಿತು.
ಸತ್ಯ: ಆಗ ದಿನಾ ಕಾಫಿಗೆ ಬರುವವರು ಅದೇ ಚಿತ್ರಕ್ಕೆ ದಿನಾ ಡೇಟಾ ಸುಡಬೇಕು. ಹೆಸರು ಬದಲಿಸುವುದೇ ಸುಲಭ. ‘ಮೆನು-2.ಜೆಪಿಜಿ’ ಬ್ರೌಸರಿನ ಕಣ್ಣಿಗೆ ಎಂದೂ ಕಾಣದ ಚಿತ್ರ, ತಂದೇ ತರುತ್ತದೆ. ಹೊಸ ಹೆಸರು ತಕ್ಷಣ ತಿಳಿಯಲೆಂದು ಪುಟಕ್ಕೆ ‘ನೋ-ಕ್ಯಾಶ್’ ಕೊಟ್ಟು, ಚಿತ್ರಕ್ಕೆ 3,15,36,000 ಸೆಕೆಂಡು, ಅಂದರೆ 365 ದಿನ, ಧಾರಾಳವಾಗಿ ಬರೆಯಬಹುದು.

ಆಮೇಲೆ ಕಾಫಿಯ ರೇಟೂ ಏರಿತು. ‘ಮೆನು-3’ ಹಾಕಿದೆ. ಮಾಲೀಕರ ಫೋನು ಬರಲಿಲ್ಲ.