ನಾಲ್ಕು ದಿನದ ಸಿಂಗಪುರ
(ಬಾನುಲಿ ಭಾಷಣ)

ದೇಶ ಸುತ್ತು, ಕೋಶ ಓದು ಎಂದು ಹೇಳಿಹೋದ ಹಿರಿಯರು ಸುತ್ತುವುದಕ್ಕೆ ತಗಲುವ ವೆಚ್ಚದ ವಿಷಯದಲ್ಲಿ ಮೌನವಾಗಿದ್ದಾರೆ. ಕೋಶವನ್ನಾದರೂ ಗ್ರಂಥಾಲಯದಿಂದ ಎರವಲು ತರಬಹುದು; ದೇಶವನ್ನು ಹಾಗೆ ತರುವಂತಿಲ್ಲ. ಅದರಲ್ಲಿಯೂ ಪರದೇಶವೆಂದರೆ ನಮ್ಮಂಥ ಮಧ್ಯಮವರ್ಗದವರ ಮನಸ್ಸಿನಲ್ಲಿ ಎರಡೇ ಚಿತ್ರಗಳು ಮೂಡುತ್ತವೆ. ಒಂದು, ಅಲ್ಲಿ ನೆಲೆಸಿರುವ ಮಗನೋ ಮಗಳೋ ಟಿಕೆಟ್ಟು ಕಳುಹಿಸುವುದು. ಇನ್ನೊಂದು, ಪ್ರವಾಸ ಸಂಸ್ಥೆಯವರು ಕೊಟ್ಟ ಬಣ್ಣದ ಟೋಪಿ ಧರಿಸಿ, ಬಾವುಟ ಹಿಡಿದವನ ಹಿಂದೆ ಸಾಲುಗಟ್ಟಿ ಓಡುವುದು. ಮೂರನೆಯ ದಾರಿಯೊಂದಿದೆ: ನಮ್ಮ ಯೋಜನೆಯನ್ನು ನಾವೇ ಹಾಕಿಕೊಂಡು, ಒಂದೇ ಊರಿಗೆ ಹೋಗಿ, ನಾಲ್ಕು ದಿನ ಇದ್ದು ಬರುವುದು. ನಾನೂ ನನ್ನ ಶ್ರೀಮತಿಯೂ ಆ ದಾರಿಯನ್ನು ಹಿಡಿದೆವು. ಅದರಲ್ಲಿ ಕಲಿತದ್ದನ್ನು, ಎಡವಿದ್ದನ್ನೂ ಸೇರಿಸಿ, ಹೇಳಬೇಕೆಂದಿದ್ದೇನೆ.

ನಾನು ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸಿದವನು. ಸಮಭಾಜಕ ವೃತ್ತವನ್ನು ಕಪ್ಪು ಹಲಗೆಯ ಮೇಲೆ ಸಾವಿರ ಸಲ ಎಳೆದಿದ್ದೇನೆ. ಅದರ ಹತ್ತಿರಕ್ಕೆ ಹೋದವನಲ್ಲ. ನಿವೃತ್ತಿಯ ಕಾಲಕ್ಕೆ ಕೈಸೇರಿದ ಹಣದಲ್ಲಿ ಮಗಳ ಮದುವೆ, ಮನೆಯ ಸಾಲ ಎಲ್ಲವೂ ಕಳೆದು ಏನೋ ಸ್ವಲ್ಪ ಉಳಿದಿತ್ತು. “ಮಂಡಿ ಪೂರ್ತಿ ಕೈಕೊಡುವ ಮುಂಚೆ ಒಂದು ಹೊರದೇಶ ನೋಡಬೇಕು” ಎಂದು ಶ್ರೀಮತಿಯವರು ಹೇಳುತ್ತಲೇ ಇದ್ದರು. ಸಿಂಗಪುರವನ್ನು ಆರಿಸಿಕೊಂಡೆವು. ಬೆಂಗಳೂರಿನಿಂದ ನಾಲ್ಕೂವರೆ ಗಂಟೆಯ ಹಾರಾಟ. ಇಂಗ್ಲಿಷ್ ಎಲ್ಲೆಡೆ ನಡೆಯುತ್ತದೆ. ತಮಿಳು ಅಲ್ಲಿನ ನಾಲ್ಕು ಅಧಿಕೃತ ಭಾಷೆಗಳಲ್ಲಿ ಒಂದು. ಹೆಸರೇ ಸಂಸ್ಕೃತದ ಸಿಂಹಪುರ, ಆದರೆ ಅಲ್ಲಿ ಸಿಂಹಗಳಿದ್ದವೆನ್ನುವುದಕ್ಕೆ ಕಥೆಯೊಂದನ್ನು ಬಿಟ್ಟು ಬೇರೆ ಆಧಾರವಿಲ್ಲ.

ಅದು ದುಬಾರಿ ಊರೆಂದು ಎಲ್ಲರೂ ಹೆದರಿಸಿದರು. ಈ ಮಾತು ಅರ್ಧ ಸತ್ಯ. ಅಲ್ಲಿ ದುಬಾರಿಯಾದದ್ದು ಮಲಗುವುದು. ಉಣ್ಣುವುದೂ ಓಡಾಡುವುದೂ ಅಗ್ಗ. ಯಾವ ಊರಿಗೆ ಹೋಗುವವರೂ ಮೊದಲು ಇದನ್ನು ವಿಚಾರಿಸಿಕೊಳ್ಳಬೇಕು: ಅಲ್ಲಿ ಯಾವುದು ತುಟ್ಟಿ, ಯಾವುದು ಸೋವಿ? ಇದು ತಿಳಿಯದೆ ಎಲ್ಲದರಲ್ಲಿಯೂ ಸಮನಾಗಿ ಕೈ ಬಿಗಿಹಿಡಿದರೆ, ಹಿಡಿಯಬಾರದ ಕಡೆ ಹಿಡಿದು ಬಿಡಬಾರದ ಕಡೆ ಬಿಡುತ್ತೇವೆ.

ಕಾಗದಪತ್ರಗಳ ಮಾತನ್ನು ಬೇಗ ಮುಗಿಸುತ್ತೇನೆ. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿಯಾದರೂ ಉಳಿದಿರಬೇಕು. ಭಾರತೀಯರಿಗೆ ವೀಸಾ ಅಗತ್ಯ; ಅಲ್ಲಿನ ಸರ್ಕಾರ ಮಾನ್ಯ ಮಾಡಿರುವ ಏಜೆಂಟರ ಮೂಲಕ ಅರ್ಜಿ ಹಾಕಬೇಕು. ಶುಲ್ಕ 30 ಸಿಂಗಪುರ ಡಾಲರು, ಮೇಲೆ ಏಜೆಂಟರ ಸಂಭಾವನೆ. ವೀಸಾ ಸಿಗದಿದ್ದರೂ ಹಣ ಹಿಂದಿರುಗದು. ಆದ್ದರಿಂದ ವೀಸಾ ಕೈಸೇರುವವರೆಗೆ, ರದ್ದು ಮಾಡಿದರೆ ಹಣ ಮರಳುವಂಥ ಕೋಣೆಯನ್ನೇ ಕಾದಿರಿಸುವುದು ಜಾಣತನ. ತಲುಪುವ ದಿನವೂ ಸೇರಿದಂತೆ ಮೂರು ದಿನಗಳೊಳಗೆ ಆಗಮನದ ವಿವರಗಳನ್ನು ಅಂತರಜಾಲದಲ್ಲಿ ಭರ್ತಿ ಮಾಡಬೇಕು. ಇದು ಉಚಿತ. ಹಣ ಕೇಳುವ ತಾಣ ಕಂಡರೆ ಅದು ಸರ್ಕಾರದ್ದಲ್ಲವೆಂದು ತಿಳಿಯಿರಿ.

ಯಾವ ತಿಂಗಳು ಹೋಗಬೇಕು? ಸಮಭಾಜಕಕ್ಕೆ ಸುಮಾರು ಒಂದೂಕಾಲು ಡಿಗ್ರಿ ಉತ್ತರದಲ್ಲಿರುವ ಊರಿಗೆ ನಮ್ಮ ಚಳಿಗಾಲ ಬೇಸಗೆಗಳ ಹಂಗಿಲ್ಲ. ವರ್ಷವಿಡೀ ಸೆಕೆ, ವರ್ಷವಿಡೀ ಮಳೆ; ವರ್ಷಾಂತ್ಯದಲ್ಲಿ ಮಳೆ ಹೆಚ್ಚು. ಸೂರ್ಯ ಏಳರ ಸುಮಾರಿಗೆ ಹುಟ್ಟಿ ಏಳರ ಸುಮಾರಿಗೇ ಮುಳುಗುತ್ತಾನೆ. ಹಾಗಾಗಿ ದಿನಾಂಕವನ್ನು ಹವೆಗಿಂತ ಹೆಚ್ಚಾಗಿ ಪೇಟೆ ನಿರ್ಧರಿಸುತ್ತದೆ. 2008ರಿಂದ ಅಲ್ಲಿ ರಾತ್ರಿಯ ಮೋಟಾರು ಪಂದ್ಯ ನಡೆಯುತ್ತಿದೆ. ಆ ವಾರ ಕೋಣೆಗಳ ಬಾಡಿಗೆ ಮುಗಿಲು ಮುಟ್ಟುತ್ತದೆ. ಚೀನೀ ಹೊಸವರ್ಷದಲ್ಲಿ ಅಂಗಡಿಗಳು ಬಾಗಿಲು ಹಾಕುತ್ತವೆ. ಇವೆರಡನ್ನು ತಪ್ಪಿಸಿಕೊಂಡರೆ ಸಾಕು.

ಇನ್ನು ಆ ನಾಲ್ಕು ದಿನದ ವಿಚಾರ. ನಾವು ಬುಧವಾರ ರಾತ್ರಿ ಹೊರಟು ಗುರುವಾರ ಬೆಳಗ್ಗೆ ಇಳಿದೆವು. ಭಾನುವಾರ ರಾತ್ರಿ ಮರಳಿದೆವು. ಹೀಗೆ ಮಾಡಿದರೆ ಮೂರೇ ರಾತ್ರಿಯ ಬಾಡಿಗೆಗೆ ನಾಲ್ಕು ಇಡೀ ದಿನ ದೊರೆಯುತ್ತವೆ. ಅವರ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿದೆಯೆಂಬುದನ್ನು ಮರೆಯಬಾರದು. ನಸುಕಿನಲ್ಲಿ ಇಳಿಯುವಾಗ ದೇಹಕ್ಕೆ ಇನ್ನೂ ನಡುರಾತ್ರಿ. ಬಹುತೇಕ ವಸತಿಗೃಹಗಳಲ್ಲಿ ಕೋಣೆ ಸಿಗುವುದು ಮಧ್ಯಾಹ್ನ ಎರಡು ಮೂರು ಗಂಟೆಯ ಮೇಲೆ. ಪೆಟ್ಟಿಗೆಯನ್ನು ಅಲ್ಲಿಯೇ ಒಪ್ಪಿಸಿ ಊರು ನೋಡಲು ಹೊರಡಬಹುದು, ಆದರೆ ಅದಕ್ಕೆ ವಸತಿ ಊರಿನ ನಡುವೆ ಇರಬೇಕು.

ನಾನು ಎಡವಿದ್ದು ಇಲ್ಲಿಯೇ. ಊರಿನ ಅಂಚಿನಲ್ಲಿ ಒಂದು ವಸತಿಗೃಹ ದಿನಕ್ಕೆ 25 ಡಾಲರು ಅಗ್ಗವಾಗಿ ದೊರೆಯಿತು. ಒಂದು ಡಾಲರಿಗೆ ಅರವತ್ತು ರೂಪಾಯಿಗೂ ಮೇಲೆ ತೆರಬೇಕಾದ ನನಗೆ ಅದು ದೊಡ್ಡ ಉಳಿತಾಯವಾಗಿ ಕಂಡಿತು. ಆದರೆ ಅಲ್ಲಿಂದ ರೈಲು ನಿಲ್ದಾಣಕ್ಕೆ ಇಪ್ಪತ್ತು ನಿಮಿಷದ ನಡಿಗೆ, ರೈಲಿನಲ್ಲಿ ಮುಕ್ಕಾಲು ಗಂಟೆ. ಬೆಳಗ್ಗೆ ಒಮ್ಮೆ ಬಂದರೆ ರಾತ್ರಿಯವರೆಗೆ ಹಿಂದಿರುಗುವ ಮಾತೇ ಇಲ್ಲ. ಆ ಸೆಕೆಯಲ್ಲಿ ನಡುಹಗಲು ಎರಡು ಗಂಟೆ ಮಲಗಿ ಏಳುವುದು ಸುಖವಲ್ಲ, ಅವಶ್ಯಕತೆ. ಎರಡನೆಯ ದಿನ ಮಧ್ಯಾಹ್ನ ಮಳೆ ಹೊಡೆಯಿತು. ಟ್ಯಾಕ್ಸಿ ಬೇಡ, ಮಳೆ ನಿಂತ ಮೇಲೆ ರೈಲಿನಲ್ಲಿಯೇ ಹೋಗೋಣವೆಂದು ನಾನು ಹಟ ಹಿಡಿದೆ. ಅಂಗಡಿಯೊಂದರ ಮುಂದಿನ ಕಟ್ಟೆಯ ಮೇಲೆ ಮಂಡಿ ನೀವಿಕೊಳ್ಳುತ್ತ ಕುಳಿತಿದ್ದ ಶ್ರೀಮತಿಯವರು ಕೇಳಿದರು: “ಅಲ್ಲಾ ರೀ, ನಾವು ಊರು ನೋಡೋದಕ್ಕೆ ಬಂದದ್ದೋ, ದುಡ್ಡು ಉಳಿಸೋದಕ್ಕೆ ಬಂದದ್ದೋ?” ನನ್ನಲ್ಲಿ ಉತ್ತರವಿರಲಿಲ್ಲ. ಟ್ಯಾಕ್ಸಿ ಕರೆದೆ, ಮಳೆಯ ಹೊತ್ತಿನಲ್ಲಿ ಅದರ ದರವೂ ಏರಿತ್ತು. ಅಂದು ರಾತ್ರಿ ಕುಳಿತು ಲೆಕ್ಕ ಹಾಕಿದೆ. ಮೂರು ರಾತ್ರಿಗೆ ಉಳಿಯುವುದು 75 ಡಾಲರು; ನಾಲ್ಕು ದಿನದಲ್ಲಿ ಹೋಗಿಬರುವುದಕ್ಕೇ ವ್ಯಯವಾಗುವುದು ಏಳೆಂಟು ಗಂಟೆ. ಜೀವಮಾನದಲ್ಲಿ ಒಮ್ಮೆ ನೋಡುವ ಊರಿನ ಒಂದು ಇಡೀ ಹಗಲನ್ನು ನಾನು ಅಷ್ಟು ಹಣಕ್ಕೆ ಮಾರಿಕೊಂಡಿದ್ದೆ. ಅಲ್ಪಾವಧಿಯ ಪ್ರವಾಸದಲ್ಲಿ ನಮ್ಮ ಬಳಿ ಕಡಿಮೆಯಿರುವುದು ರೂಪಾಯಿಗಿಂತ ಹೆಚ್ಚಾಗಿ ಗಂಟೆ, ಮತ್ತು ಕಾಲಿನ ಬಲ. ಯಾವುದು ಅಗ್ಗವೆಂಬುದನ್ನು ಇವುಗಳಿಂದಲೂ ಅಳೆಯಬೇಕಿತ್ತು.

ಲಿಟ್ಲ್ ಇಂಡಿಯಾ, ಬುಗಿಸ್, ಚೈನಾಟೌನ್ ಈ ಮೂರು ಭಾಗಗಳಲ್ಲಿ ಎಲ್ಲಿಯಾದರೂ ಸರಿ, ನಿಲ್ದಾಣಕ್ಕೆ ಐದು ನಿಮಿಷದ ಹಾದಿಯಲ್ಲಿ ಕೋಣೆ ಹಿಡಿಯಿರಿ; ಕೋಣೆ ಚಿಕ್ಕದಾದರೂ ಚಿಂತೆಯಿಲ್ಲ. ಕಿಟಕಿಯುಂಟೋ ಇಲ್ಲವೋ ಎಂದು ಮಾತ್ರ ಓದಿ ನೋಡಿ. ಕಿಟಕಿಯಿಲ್ಲದ ಕೋಣೆಗಳು ಅಲ್ಲಿ ಸಾಮಾನ್ಯ.

ಓಡಾಟಕ್ಕೆ ರೈಲು ಮತ್ತು ಬಸ್ಸು. ನಗರದ ರೈಲು 1987ರಲ್ಲಿ ಆರಂಭವಾಯಿತು. ಈಗ ಅದು ಹೋಗದ ಮೂಲೆ ಕಡಿಮೆ. ವಿಮಾನ ನಿಲ್ದಾಣದಿಂದ ಊರೊಳಕ್ಕೆ ಎರಡು ಮೂರು ಡಾಲರು ಸಾಕು, ಆದರೆ ನಡುರಾತ್ರಿಯಿಂದ ನಸುಕಿನವರೆಗೆ ರೈಲಿಲ್ಲ. ಟಿಕೆಟ್ಟು ಕೊಳ್ಳಬೇಕಾಗಿಲ್ಲ, ಬ್ಯಾಂಕಿನ ಕಾರ್ಡನ್ನು ಗೇಟಿಗೆ ಮುಟ್ಟಿಸಿದರೆ ಸಾಕು. ಹೊರದೇಶದ ಕಾರ್ಡಿಗೆ ದಿನಕ್ಕಿಷ್ಟೆಂದು ಒಂದು ಸಣ್ಣ ಶುಲ್ಕ ಬೀಳುತ್ತದೆ. ಒಂದು ಕಾರ್ಡಿಗೆ ಒಬ್ಬರೇ ಎಂಬುದು ನನಗೆ ಗೊತ್ತಿರಲಿಲ್ಲ. ನಾನು ಒಳಹೊಕ್ಕೆ, ಶ್ರೀಮತಿಯವರು ಹೊರಗೇ ಉಳಿದರು. ನಲವತ್ತು ವರ್ಷದ ದಾಂಪತ್ಯದಲ್ಲಿ ಯಂತ್ರವೊಂದು ನಮ್ಮನ್ನು ಬೇರ್ಪಡಿಸಿದ್ದು ಅದೇ ಮೊದಲು.

ಏನನ್ನು ನೋಡಬೇಕೆಂಬುದಕ್ಕೆ ಪಟ್ಟಿ ಮಾಡಬೇಡಿ, ನಕಾಶೆ ಹಿಡಿಯಿರಿ. ಭೂಗೋಳದ ಮಾಸ್ತರನ ಈ ಮಾತನ್ನು ನಂಬಿ. ಪಟ್ಟಿಯಲ್ಲಿ ಅಕ್ಕಪಕ್ಕದಲ್ಲಿರುವುದು ನೆಲದ ಮೇಲೆ ಊರಿನ ಎರಡು ತುದಿಗಳಲ್ಲಿರಬಹುದು. ನಡೆದೇ ಮುಟ್ಟಬಹುದಾದ ಸ್ಥಳಗಳನ್ನು ಒಂದು ದಿನಕ್ಕೆ ಒಟ್ಟುಗೂಡಿಸಬೇಕು. ಸಿರಂಗೂನ್ ರಸ್ತೆಯ ವೀರಮಾಕಾಳಿಯಮ್ಮನ ಗುಡಿಯಿಂದ ಹೊರಟು, ವಾಟರ್‌ಲೂ ಬೀದಿ ಹಾಯ್ದು, ಸುಲ್ತಾನ್ ಮಸೀದಿಯವರೆಗೆ ನಿಧಾನವಾಗಿ ನಡೆದರೆ ಒಂದು ದಿನ ತುಂಬುತ್ತದೆ. ಖರ್ಚು ಕಾಫಿಯದು ಮಾತ್ರ. ಹಳೆಯ ಬೀದಿಗಳಲ್ಲಿ ಅಂಗಡಿಗಳ ಮುಂದೆ ಮಹಡಿಯ ನೆರಳಿನಲ್ಲಿ ಸಾಗುವ ಜಗಲಿಯುಂಟು. ಅದಕ್ಕೆ ಐದಡಿ ಹಾದಿಯೆಂದು ಹೆಸರು. 1819ರಲ್ಲಿ ಅಲ್ಲಿ ಆಂಗ್ಲರ ಠಾಣ್ಯ ಊರಿದ ರಾಫಲ್ಸ್ 1822ರ ನಗರಯೋಜನೆಯಲ್ಲಿ ಅದನ್ನು ಕಡ್ಡಾಯ ಮಾಡಿದ್ದ. ಬಿಸಿಲಿಗೂ ಮಳೆಗೂ ಅದೇ ನಮ್ಮ ಕೊಡೆಯಾಯಿತು.

ವಾಟರ್‌ಲೂ ಬೀದಿಯಲ್ಲಿ ಕಂಡದ್ದನ್ನು ಹೇಳದಿರಲಾರೆ. ಅಲ್ಲಿ ಕರುಣೆಯ ದೇವತೆಯಾದ ಕ್ವಾನ್ ಇಮ್‌ಳ ಚೀನೀ ದೇವಾಲಯ. ಅದರ ಪಕ್ಕಕ್ಕೆ ಶ್ರೀಕೃಷ್ಣನ ಗುಡಿ. ಆಕೆಗೆ ಕೈಮುಗಿದ ಚೀನೀಯರು ಹಾಗೆಯೇ ನಾಲ್ಕು ಹೆಜ್ಜೆ ಬಂದು, ನಮ್ಮ ಕೃಷ್ಣನ ಬಾಗಿಲಲ್ಲಿ ಊದುಬತ್ತಿ ಹಚ್ಚಿ, ತಲೆಬಾಗಿ ಹೋಗುತ್ತಾರೆ. ಯಾರೂ ಅವರನ್ನು ಬರಹೇಳಿದಂತಿಲ್ಲ, ಯಾರೂ ಬೇಡವೆಂದಂತೆಯೂ ಇಲ್ಲ. ಅಲ್ಲಿ ಒಂದು ಗಂಟೆ ನಿಂತಿದ್ದೆವು. ಯಾವ ಸಂಸ್ಥೆಯ ಕಾರ್ಯಕ್ರಮಪಟ್ಟಿ ಆ ಒಂದು ಗಂಟೆಯನ್ನು ನಮಗೆ ಬಿಟ್ಟುಕೊಡುತ್ತಿತ್ತು?

ಊಟಕ್ಕೆ ಸರ್ಕಾರವೇ ಕಟ್ಟಿಸಿದ ಹಾಕರ್ ಕೇಂದ್ರಗಳಿವೆ. ಹಿಂದೆ ಬೀದಿಯಲ್ಲಿ ಗಾಡಿ ನಿಲ್ಲಿಸಿ ಮಾರುತ್ತಿದ್ದವರನ್ನು ಒಂದು ಸೂರಿನಡಿ ತಂದ ವ್ಯವಸ್ಥೆಯಿದು. 2020ರಲ್ಲಿ ಯುನೆಸ್ಕೋ ಈ ಸಂಸ್ಕೃತಿಯನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಐದಾರು ಡಾಲರಿನೊಳಗೆ ಹೊಟ್ಟೆ ತುಂಬುತ್ತದೆ. ದೊಡ್ಡ ಹೋಟೆಲಿನಲ್ಲಿ ಬೆಲೆಯ ಮುಂದೆ ಎರಡು ಕೂಡುವ ಚಿಹ್ನೆಗಳಿದ್ದರೆ ಎಚ್ಚರ: ಸೇವಾಶುಲ್ಕ ನೂರಕ್ಕೆ ಹತ್ತು, ಅದರ ಮೇಲೆ ತೆರಿಗೆ ನೂರಕ್ಕೆ ಒಂಬತ್ತು ಸೇರಿ, ಇಪ್ಪತ್ತು ಡಾಲರಿನ ಊಟ ಇಪ್ಪತ್ತನಾಲ್ಕಾಗುತ್ತದೆ. ಹಾಕರ್ ಕೇಂದ್ರದಲ್ಲಿ ಖಾಲಿ ಮೇಜಿನ ಮೇಲೆ ಕಾಗದದ ಕರವಸ್ತ್ರದ ಪೊಟ್ಟಣ ಕಂಡರೆ ಯಾರೋ ಮರೆತದ್ದೆಂದು ತಿಳಿಯಬೇಡಿ. ನಮ್ಮ ಬಸ್ಸಿನಲ್ಲಿ ಕಿಟಕಿಯಿಂದ ಟವಲು ಹಾಕುವಂತೆ ಅದು ಜಾಗ ಹಿಡಿದ ಗುರುತು. ಉಂಡ ತಟ್ಟೆಯನ್ನು ನಾವೇ ಎತ್ತಿಡಬೇಕು; 2021ರಿಂದ ಅದು ಕಾಯಿದೆ.

ಸಸ್ಯಾಹಾರಿಗಳು ಮಾಂಸ ಬೇಡವೆಂದರೆ ಸಾಲದು, ಒಣಸೀಗಡಿಯ ಗೊಜ್ಜು ಎಲ್ಲೆಲ್ಲಿಯೋ ಅಡಗಿರುತ್ತದೆ. ಲಿಟ್ಲ್ ಇಂಡಿಯಾದಲ್ಲಿ ದೋಸೆ ಸಿಗುತ್ತದೆ, ನಿಜ. ಅಷ್ಟು ದೂರ ಹೋಗಿ ದೋಸೆಯನ್ನೇ ತಿನ್ನುವುದಕ್ಕೆ ನನಗೆ ಮನಸ್ಸಿರಲಿಲ್ಲ. ಬೌದ್ಧರ ಸಸ್ಯಾಹಾರದ ಮಳಿಗೆಗಳನ್ನು ಹುಡುಕಿದೆವು. ಆ ಸಂಪ್ರದಾಯದಲ್ಲಿ ಈರುಳ್ಳಿ ಬೆಳ್ಳುಳ್ಳಿಗಳಿಗೂ ನಿಷೇಧ. ನಮ್ಮ ಅತ್ತೆಯವರೂ ನಿಶ್ಚಿಂತೆಯಿಂದ ಉಣ್ಣಬಹುದಿತ್ತು, ಸೋಯಾದಿಂದ ಬಾತುಕೋಳಿಯ ಆಕಾರ ಮಾಡಿಟ್ಟಿರುವುದನ್ನು ನೋಡದಿದ್ದರೆ! ಕಾಫಿಯ ಮಾತಂತೂ ಒಂದು ವ್ಯಾಕರಣ. ಬರಿಯ ‘ಕೋಪಿ’ ಎಂದರೆ ಸಿಹಿಗಟ್ಟಿದ ಡಬ್ಬಿಹಾಲು. ‘ಕೋಪಿ ಓ’ ಹಾಲಿಲ್ಲದ್ದು. ‘ಕೋಪಿ ಸಿ’ ಸಿಹಿಯಿಲ್ಲದ ಡಬ್ಬಿಹಾಲಿಗೆ ಸಕ್ಕರೆ ಹಾಕಿದ್ದು. ‘ಕೊಸೊಂಗ್’ ಸೇರಿಸಿದರೆ ಸಕ್ಕರೆ ಇಲ್ಲ. ಮೂರನೆಯ ದಿನಕ್ಕೆ ಶ್ರೀಮತಿಯವರು ತಪ್ಪಿಲ್ಲದೆ ಹೇಳುತ್ತಿದ್ದರು.

ದುಡ್ಡಿಲ್ಲದೆ ನೋಡುವಂಥವು ಅಲ್ಲಿ ಬಹಳ. 1859ರಲ್ಲಿ ಸ್ಥಾಪನೆಯಾದ ಸಸ್ಯೋದ್ಯಾನಕ್ಕೆ ಪ್ರವೇಶಧನವಿಲ್ಲ. ಒಳಗಿನ ಆರ್ಕಿಡ್ ತೋಟಕ್ಕೆ ಮಾತ್ರ ಉಂಟು. ಬೆಳಗ್ಗೆ ಬೇಗ ಹೋಗಿ, ಬಿಸಿಲೇರುವ ಮುಂಚೆ ಹೊರಬರಬೇಕು. ಉದ್ಯಾನದ ಹೆಸರಿನ ನಿಲ್ದಾಣದಲ್ಲಿ ಇಳಿದರೆ ಆರ್ಕಿಡ್ ತೋಟಕ್ಕೆ ಬಹಳ ನಡಿಗೆ. ಕೊಲ್ಲಿಯ ಬದಿಯ ಹೊಸ ಉದ್ಯಾನದಲ್ಲಿ ಸಂಜೆಯ ದೀಪಾಲಂಕಾರವೂ ಉಚಿತ. ವಿನೋದದ್ವೀಪವಾದ ಸೆಂಟೋಸಾವನ್ನು ನಾವು ಬಿಟ್ಟೆವು. ಒಂದು ದಿನವನ್ನೂ ಹಣವನ್ನೂ ಒಟ್ಟಿಗೆ ನುಂಗುವ ಜಾಗವದು. ಮಕ್ಕಳಿದ್ದವರ ಲೆಕ್ಕ ಬೇರೆ.

ನಾವು ಬಿಡದೆ ನೋಡಿದ್ದು ಎಸ್‌ಪ್ಲನೇಡ್ ಉದ್ಯಾನದ ಒಂದು ಚಿಕ್ಕ ಸ್ಮಾರಕ. ಅದರೆದುರಿನ ಪಡಾಂಗ್ ಮೈದಾನದಲ್ಲಿ 1943ರ ಜುಲೈಯಲ್ಲಿ ನೇತಾಜಿ ಆಜಾದ್ ಹಿಂದ್ ಸೈನಿಕರನ್ನು ಉದ್ದೇಶಿಸಿ ಮಾತನಾಡಿದರು. ಮಡಿದ ಸೈನಿಕರಿಗಾಗಿ 1945ರ ಜುಲೈಯಲ್ಲಿ ಅವರು ಶಂಕುಸ್ಥಾಪನೆ ಮಾಡಿದ ಸ್ಮಾರಕವನ್ನು, ಅದೇ ವರ್ಷ ಮರಳಿ ಬಂದ ಬ್ರಿಟಿಷರು ಕೆಡವಿದರು. ಆ ಸ್ಥಳದಲ್ಲಿ ಗುರುತಿನ ಫಲಕ ನಿಂತದ್ದು 1995ರಲ್ಲಿ. ಸುತ್ತ ಜನ ಓಡಾಡುತ್ತಿದ್ದರು, ನಿಲ್ಲುವವರು ಕಡಿಮೆ. ಶ್ರೀಮತಿಯವರು ಚಪ್ಪಲಿ ಕಳಚಿ ನಿಂತರು.

ಕೊನೆಯ ದಿನ ಕೋಣೆ ಬಿಟ್ಟ ಮೇಲೆ ಪೆಟ್ಟಿಗೆಯನ್ನು ಅಲ್ಲಿಯೇ ಇರಿಸಿ ಚೈನಾಟೌನಿಗೆ ಹೋದೆವು. 1827ರಲ್ಲಿ ನಾರಾಯಣ ಪಿಳ್ಳೆ ಎಂಬಾತ ಸ್ಥಾಪಿಸಿದ ಮಾರಿಯಮ್ಮನ ಗುಡಿ ಅಲ್ಲಿದೆ. ನಮ್ಮ ಊರಿನ ಗುಡಿಗಳಂತೆ ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಬೆಳಗ್ಗೆಯೇ ಹೋಗಬೇಕು. ಪೆಟ್ಟಿಗೆ ತರಲು ಅಷ್ಟು ದೂರ ಮತ್ತೆ ಹೋಗಬೇಕಾಗಿ ಬಂದದ್ದು ನನ್ನ ಉಳಿತಾಯದ ಕೊನೆಯ ಕಂತು. ಆದರೂ ಕತ್ತಲಾಗುವ ಮುಂಚೆಯೇ ವಿಮಾನ ನಿಲ್ದಾಣ ತಲುಪಿದೆವು. ಅದಕ್ಕೆ ಹೊಂದಿಕೊಂಡಂತೆ 2019ರಲ್ಲಿ ತೆರೆದ ಗಾಜಿನ ಭವನದೊಳಗೆ ನಲವತ್ತು ಮೀಟರಿನ ಜಲಪಾತವೊಂದು ಸುರಿಯುತ್ತದೆ, ನೋಡುವುದಕ್ಕೆ ಕಾಸಿಲ್ಲ. ಜೋಗ ಕಂಡವರಿಗೆ ಅದೇನು ಮಹಾ ಎಂದೆ. “ಇಲ್ಲಿ ಕೂತು ನೋಡಬಹುದಲ್ಲ” ಎಂದು ಶ್ರೀಮತಿಯವರು ಕಾಲು ಚಾಚಿದರು. ಜೇಬಿನಲ್ಲಿ ಉಳಿದಿದ್ದ ಚಿಲ್ಲರೆಯನ್ನು ಎಣಿಸಿದೆ. ಎರಡು ಕೋಪಿ ಸಿಗೆ ಸಾಲುವಷ್ಟಿತ್ತು.