ಚಾಫ್ ಕಟರ್ ತಾನೇ ನಿಂತಾಗ ಕೈ ಹಾಕಬೇಡಿ

ಹೈನುಗಾರ ಅಕ್ಕತಂಗಿಯರೇ,

ಹಸು ನೋಡಲು ನಿಮ್ಮ ಕೊಟ್ಟಿಗೆಗೆ ಬಂದಾಗ ನನ್ನ ಕಣ್ಣು ಪಕ್ಕದಲ್ಲಿರುವ ಚಾಫ್ ಕಟರ್ ಮೇಲೂ ಬೀಳುತ್ತದೆ. ಮಾಗಡಿ, ಕನಕಪುರ ಕಡೆ ಆಗಾಗ ಕೇಳುವ ಮಾತಿದು: "ಡಾಕ್ಟ್ರೇ, ಮೋಟರ್ ಸುಮ್ಸುಮ್ನೆ ನಿಂತೋಗುತ್ತೆ. ಸ್ವಲ್ಪ ಹೊತ್ತು ಬಿಟ್ರೆ ಅದೇ ಓಡುತ್ತೆ." ಕೆಲವರು ರಿಪೇರಿಯವರನ್ನು ಕರೆಸಿ, ನಿಲ್ಲಿಸುವ ಆ ಸಣ್ಣ ಸಾಧನವನ್ನೇ ಕಿತ್ತು ನೇರ ವೈರ್ ಕೊಡಿಸಿದ್ದಾರೆ. ಅದು ಮೋಟರಿನ ಕಾವಲುಗಾರ, ತೆಗೆಸಬೇಡಿ.

ಮೋಟರಿನ ಮೈಮೇಲಿನ ತಗಡಿನ ಪಟ್ಟಿ ಓದಿ. ಎಚ್‌ಪಿ ಜೊತೆಗೆ ಆಂಪಿಯರ್ ಎಷ್ಟೆಂದು ಬರೆದಿರುತ್ತದೆ. 2 ಎಚ್‌ಪಿ ಸಿಂಗಲ್ ಫೇಸ್ ಮೋಟರಿಗೆ ಸುಮಾರು 10. ಪೂರ್ತಿ ಹೊರೆಯಲ್ಲಿ ಅದು ಎಳೆಯುವ ಕರೆಂಟು ಅಷ್ಟು. ಸ್ವಿಚ್ ಹಾಕಿದ ಗಳಿಗೆ ಮಾತ್ರ ಐದಾರು ಪಟ್ಟು ಎಳೆದು, ವೇಗ ಹಿಡಿದ ಮೇಲೆ ಇಳಿಯುತ್ತದೆ. ಬಲಿತ ಸೀಮೆಹುಲ್ಲನ್ನೋ ಜೋಳದ ಕಡ್ಡಿಯನ್ನೋ ಒಂದೇ ಸಲ ತುರುಕಿ ಬ್ಲೇಡ್ ಸಿಕ್ಕಿಕೊಂಡರೆ, ಆ ಐದಾರು ಪಟ್ಟು ಇಳಿಯದೆ ಹಾಗೇ ನಿಲ್ಲುತ್ತದೆ. ಸುರುಳಿ ಸುಡುವುದು ಆಗಲೇ.

ಪಾಲಿಟೆಕ್ನಿಕ್ ಓದುವ ಮಕ್ಕಳಿದ್ದರೆ ಎಲ್298 ಎಂಬ ಚಿಪ್ ಬಗ್ಗೆ ಕೇಳಿ. ಪ್ರಾಜೆಕ್ಟ್‌ಗಳಲ್ಲಿ ಸಣ್ಣ ಮೋಟರು ಓಡಿಸಲು ಬಳಸುತ್ತಾರೆ. ಕ್ಷಣಮಾತ್ರಕ್ಕೆ 3 ಆಂಪಿಯರ್, ಸತತವಾಗಿ 2 ಎಂದು ಅದಕ್ಕೂ ಎರಡು ಮಿತಿಗಳಿವೆ. ಆ 2 ಕೂಡ ಬಿಸಿ ಹೊರಹೋಗಲು ದಾರಿಯಿದ್ದರೆ ಮಾತ್ರ. ದೊಡ್ಡ ಅಂಕಿ ನೋಡಿ ಹೊರೆ ಹಾಕುವುದೆಂದರೆ, ಕರು ಹಾಕಿ ಆರೇಳು ವಾರಕ್ಕೆ ಹಸು ಕೊಟ್ಟ ಹಾಲನ್ನೇ ಬತ್ತಿಸುವ ತಿಂಗಳಲ್ಲೂ ಕೇಳಿದಂತೆ!

ಬಿಸಿಯ ಲೆಕ್ಕವೂ ಮೋಸದ್ದು. ಕರೆಂಟು ಶೇ 20 ಹೆಚ್ಚಿದರೆ ಸುರುಳಿಯ ಬಿಸಿ ಶೇ 44 ಹೆಚ್ಚುತ್ತದೆ. ವೋಲ್ಟೇಜ್ ಇಳಿದಾಗ ಅದೇ ಮೇವಿಗೆ ಮೋಟರು ಹೆಚ್ಚು ಕರೆಂಟು ಎಳೆಯುತ್ತದೆ. ಆದ್ದರಿಂದ ಸಂಜೆ ದೀಪ ಮಂಕಾಗಿದ್ದರೆ ಕತ್ತರಿಸುವುದನ್ನು ಬೆಳಗ್ಗೆಗೆ ಇಟ್ಟುಕೊಳ್ಳಿ. ಮೋಟರಿನ ಗಾಳಿಕಿಂಡಿಗೆ ಮೆತ್ತಿದ ಹೊಟ್ಟು, ದೂಳನ್ನು ವಾರಕ್ಕೊಮ್ಮೆ, ಪ್ಲಗ್ ಕಿತ್ತಿಟ್ಟು, ಒರೆಸಿ. 10 ಆಂಪಿಯರ್ ಮೋಟರಿಗೆ 6 ಆಂಪಿಯರ್ ಪ್ಲಗ್ ಸಾಲದು, 16ರದ್ದೇ ಬೇಕು.

ನನಗೆ ಭಯ ಮೋಟರಿನದಲ್ಲ, ನಿಮ್ಮ ಬೆರಳಿನದು. ಕೆಲವು ಮೋಟರುಗಳ ಕಾವಲು ಸಾಧನ ತಣ್ಣಗಾದ ಕೂಡಲೇ ತಾನಾಗಿಯೇ ಮತ್ತೆ ಕರೆಂಟು ಕೊಡುತ್ತದೆ. ಕಟರ್ ಸತ್ತಂತೆ ನಿಂತಿದೆ ಎಂದು ಸಿಕ್ಕಿದ ಹುಲ್ಲು ಎಳೆಯಲು ಕೈ ಹಾಕಿದ ಹೊತ್ತಿಗೇ ಬ್ಲೇಡ್ ತಿರುಗಬಹುದು. ಸ್ವಿಚ್ ಆರಿಸಿ, ಪ್ಲಗ್ ಕಿತ್ತು ನಿಮ್ಮ ಕಣ್ಣೆದುರಿಗೇ ಇಟ್ಟುಕೊಳ್ಳಿ. ಚಕ್ರ ಪೂರ್ತಿ ನಿಂತ ಮೇಲೆ ಕೋಲಿನಿಂದ ಹುಲ್ಲು ಬಿಡಿಸಿ. ಸೆರಗು ಸಿಕ್ಕಿಸಿ, ಬಳೆ ತೆಗೆದಿಟ್ಟು ಕೆಲಸಕ್ಕೆ ನಿಲ್ಲಿ. ಕಟರ್ ದಿನಕ್ಕೆ ಎರಡು ಮೂರು ಸಲ ಹೀಗೆ ನಿಂತರೆ ಬ್ಲೇಡ್ ಮೊಂಡಾಗಿದೆಯೇ ನೋಡಿ. ಸಾಣೆ ಹಿಡಿಸಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.