ಜೈಲಿಗೆ ಹಾಕಬಹುದು, ಕೆಲಸದಿಂದ ತೆಗೆಯುವಂತಿಲ್ಲ!

ಗಂಡಸು ಗಂಡಸಿನೊಂದಿಗೆ ದೈಹಿಕ ಸಂಬಂಧ ಬೆಳೆಸಿದರೆ 7 ವರ್ಷದವರೆಗೆ ಜೈಲು. ಆದರೆ ಸಲಿಂಗಿ ಎಂಬ ಕಾರಣಕ್ಕೆ ಮಾಲೀಕ ಅವನನ್ನು ಕೆಲಸದಿಂದ ತೆಗೆದರೆ ಅದು ಕಾನೂನುಬಾಹಿರ! ಆಫ್ರಿಕಾದ ಬೋಟ್ಸ್ವಾನಾದಲ್ಲಿ ಈ ಎರಡೂ ಕಾನೂನುಗಳು ವರ್ಷಗಟ್ಟಲೆ ಅಕ್ಕಪಕ್ಕದಲ್ಲೇ ಬಾಳಿದವು. ಲೈಂಗಿಕ ಒಲವಿನ ಕಾರಣಕ್ಕೆ ನೌಕರರನ್ನು ವಜಾ ಮಾಡಬಾರದು ಎಂದು 2010ರಲ್ಲಿ ಉದ್ಯೋಗ ಕಾಯ್ದೆಗೆ ತಿದ್ದುಪಡಿ ತಂದ ಸಂಸತ್ತು, ದಂಡ ಸಂಹಿತೆಯನ್ನು ಮಾತ್ರ ಮುಟ್ಟಲಿಲ್ಲ.

ಆ ಸಂಹಿತೆ ಬ್ರಿಟಿಷರ ಕಾಲದ ಬಳುವಳಿ. ‘ನಿಸರ್ಗದ ಕ್ರಮಕ್ಕೆ ವಿರುದ್ಧ’ ಎಂಬ ಅದರ ಮಾತು ನಮಗೂ ಪರಿಚಿತವೇ. ನಮ್ಮ ಐಪಿಸಿ 377ನೇ ಕಲಮಿನಲ್ಲೂ ಅದೇ ಇತ್ತು.

ಇನ್ನೂ ಸೋಜಿಗವೆಂದರೆ 1998ರ ತಿದ್ದುಪಡಿ. ಅಲ್ಲಿಯವರೆಗೆ ಗಂಡಸರ ನಡುವಿನ ‘ಅಸಭ್ಯ ವರ್ತನೆ’ಯನ್ನಷ್ಟೇ ಅಪರಾಧ ಎನ್ನುತ್ತಿದ್ದ ಕಲಮಿಗೆ ಆಗ ಹೆಂಗಸರನ್ನೂ ಸೇರಿಸಲಾಯಿತು. ಸಮಾನತೆ ಬಂದದ್ದು ಹೀಗೆ, ಶಿಕ್ಷೆಯಲ್ಲಿ!

ಕೊನೆಗೆ ಕೋರ್ಟಿನ ಮೆಟ್ಟಿಲೇರಿದ್ದು ಒಬ್ಬ ವಿಶ್ವವಿದ್ಯಾಲಯದ ವಿದ್ಯಾರ್ಥಿ. 2019ರ ಜೂನ್ 11ರಂದು ಹೈಕೋರ್ಟ್ ಸಲಿಂಗ ಸಂಬಂಧವನ್ನು ಅಪರಾಧಮುಕ್ತಗೊಳಿಸಿತು. ಸರ್ಕಾರ ಮೇಲ್ಮನವಿ ಹೋಯಿತು. 2021ರ ನವೆಂಬರ್ 29ರಂದು ಅಲ್ಲೂ ಸೋತಿತು. 2003ರಲ್ಲಿ ಇಂಥದ್ದೇ ಪ್ರಕರಣವೊಂದರಲ್ಲಿ ‘ಇದಕ್ಕೆ ಇನ್ನೂ ಕಾಲ ಬಂದಿಲ್ಲ’ ಎಂಬ ನಿಲುವು ತಳೆದಿದ್ದದ್ದೂ ಇದೇ ಮೇಲ್ಮನವಿ ನ್ಯಾಯಾಲಯ. 2022ರ ಜನವರಿಯಲ್ಲಿ ಆಗಿನ ಅಧ್ಯಕ್ಷ ಮಸಿಸಿ ಅವರೇ ಹೋರಾಟಗಾರರನ್ನು ಕರೆದು ಮಾತಾಡಿಸಿ, ತೀರ್ಪನ್ನು ಪಾಲಿಸುವುದಾಗಿ ಹೇಳಿದರು.